ಮೇಜಿನ ಎಡ ಅಂಚು

ಬಾರ್ಬಡೋಸಿನ ಆ ಮೀನುಗಾರರ ಊರಿನಲ್ಲಿ ಸಂಜೆಯಾದರೆ ಜೀಗುಜ್ಜೆ ಮರದ ಕೆಳಗೆ ಚುಕ್ಕೆಬಿಲ್ಲೆಗಳ ಡಾಮಿನೋ ಆಟ ಶುರು. ದಿನವಿಡೀ ಬಾಡಿಗೆ ವ್ಯಾನ್ ಓಡಿಸಿ ಹೈರಾಣಾಗಿದ್ದ ಡಾರ್ನ್‌ಲಿ ಎಂದಿನಂತೆ ತನ್ನ ಆಟದ ಜೋಡಿ ವಿನ್‌ಫೀಲ್ಡನ ಎದುರು ಕುಳಿತ.

ಬಿಲ್ಲೆಗಳ ಸಾಲು ಮೇಜಿನ ಎಡ ಅಂಚಿನಲ್ಲಿ ನಾಲ್ಕಕ್ಕೆ ನಿಂತಿತ್ತು; ಆ ತುದಿಗೆ ನಾಲ್ಕು ಚುಕ್ಕೆಯ ಬಿಲ್ಲೆ ಜೋಡಿಸಬಹುದಿತ್ತು. ಡಾರ್ನ್‌ಲಿ ಹಾಕಲು ಏನೂ ಇಲ್ಲವೆಂದು ಮೇಜು ಕುಟ್ಟಿದ. ಇಬ್ಬರೂ ಆಟ ಸೋತರು. ವಿನ್‌ಫೀಲ್ಡ್ ಅವನಲ್ಲಿ ಉಳಿದಿದ್ದ ಬಿಲ್ಲೆಗಳನ್ನು ತಿರುಗಿಸಿದರೆ, ನಾಲ್ಕು ಅಲ್ಲೇ ಇತ್ತು.

"ನಾಲ್ಕು ಇಟ್ಕೊಂಡು ಕುಟ್ತೀಯಲ್ಲೋ. ಸೋಲೋಕೆ ಎದುರಾಳಿಗಳ ಹತ್ರ ರಮ್ ಇಸ್ಕೊಂಡ್ಯಾ ಹೇಗೆ?"

ಸುತ್ತ ನಿಂತವರು ನಕ್ಕರು. ಡಾರ್ನ್‌ಲಿ ಕುತ್ತಿಗೆ ಪೂರ್ತಿ ಎಡಕ್ಕೆ ಹೊರಳಿಸಿದಾಗಷ್ಟೇ ಮೇಜಿನ ಅಂಚಿನ ಆ ನಾಲ್ಕು ಕಂಡಿತು. ಬೆಳಿಗ್ಗೆ ರಸ್ತೆಯ ಎಡಗಡೆಯಿಂದ ಶಾಲೆಯ ಹುಡುಗಿಯೊಬ್ಬಳು ಹೀಗೇ ಎಲ್ಲಿಂದಲೋ ಉದ್ಭವಿಸಿದ್ದಳು. ಪ್ರಯಾಣಿಕರು ಕಿರುಚಿದ್ದಕ್ಕೆ ಬ್ರೇಕ್ ಬಿತ್ತು. ಅವನು ಹುಡುಗಿಯನ್ನೇ ಬೈದಿದ್ದ.

ಅದು ಗ್ಲಾಕೋಮಾ ಎಂದು ಕಣ್ಣಿನ ಡಾಕ್ಟರು ಹೋದ ವರ್ಷವೇ ಹೇಳಿದ್ದರು. ಕಣ್ಣೊಳಗಿನ ಒತ್ತಡ ನರವನ್ನು ಕೊಲ್ಲುತ್ತದೆ, ನೋವಿರುವುದಿಲ್ಲ, ನೋಟ ಅಂಚಿನಿಂದ ಸವೆಯುತ್ತದೆ ಎಂದು ವಿವರಿಸಿ ದಿನಾ ಹಾಕಲು ಹನಿ ಕೊಟ್ಟಿದ್ದರು. ಹನಿ ಉರಿಯುತ್ತಿತ್ತು, ನೋಟವೇನೂ ಸುಧಾರಿಸಲಿಲ್ಲ. ಅವನು ಅದನ್ನು ಮೂಲೆಗೆ ಹಾಕಿ, ಅಪ್ಪನ ಹಾಗೆ ಮುಂಜಾನೆ ಸಮುದ್ರದ ನೀರಿನಲ್ಲಿ ಕಣ್ಣು ತೆರೆದು ತೊಳೆಯತೊಡಗಿದ. ಅಪ್ಪ ಕುರುಡನಾಗಿಯೇ ಸತ್ತ ಎಂಬುದನ್ನು ಮಾತ್ರ ನೆನೆಯುತ್ತಿರಲಿಲ್ಲ.

"ರಮ್ಮೂ ಇಲ್ಲ, ಗಿಮ್ಮೂ ಇಲ್ಲ ಕಣೋ," ಎಂದ ಡಾರ್ನ್‌ಲಿ ದಣಿದ ದನಿಯಲ್ಲಿ. "ನಂಗೆ ಕಾಣಲಿಲ್ಲ."

ನಗು ನಿಂತಿತು.

ಮರುದಿನ ಅವನು ವ್ಯಾನಿನ ಕೀಲಿಯನ್ನು ಮಾಲೀಕನಿಗೆ ಒಪ್ಪಿಸಿ ಆಸ್ಪತ್ರೆಗೆ ಹೋದ. ಹೋದ ನೋಟ ಬರುವುದಿಲ್ಲ, ಉಳಿದದ್ದನ್ನು ಕಾಯುವುದಕ್ಕೇ ಹನಿ, ಸಾಲದಿದ್ದರೆ ಶಸ್ತ್ರಚಿಕಿತ್ಸೆ ಎಂದರು ಡಾಕ್ಟರು. ಈ ರೋಗ ಮನೆತನದಲ್ಲೇ ಬರುವಂಥದ್ದು ಎಂದೂ ಹೇಳಿ, ಉರಿಯುವ ಹನಿ ಬದಲಿಸಿಕೊಟ್ಟರು. ಮೊದಲೇ ಬಾಯಿಬಿಟ್ಟಿದ್ದರೆ ಆಗಲೇ ಬದಲಿಸಬಹುದಿತ್ತಂತೆ. ಇಷ್ಟು ಸಣ್ಣ ಮಾತಿಗೆ ಒಂದು ವರ್ಷದ ಬೆಳಕು ಕಳೆದುಕೊಂಡೆನಲ್ಲ ಎಂದು ಅವನಿಗೆ ಅಳು ಬಂತು.

ಸಂಜೆ ಆಟಕ್ಕೆ ಮೊದಲು ವಿನ್‌ಫೀಲ್ಡನೇ ಅವನ ಕಣ್ಣಿಗೆ ಹನಿ ಬಿಟ್ಟ. ಡಾರ್ನ್‌ಲಿ ಕಣ್ಣು ಮುಚ್ಚಿ, ಹನಿ ಕಣ್ಣಲ್ಲೇ ಉಳಿಯಲೆಂದು ಡಾಕ್ಟರು ಹೇಳಿದಂತೆ ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಒತ್ತಿ ಕುಳಿತ. ಎಲ್ಲರೂ ಬಿಲ್ಲೆ ಬಡಿಯದೆ ಕಾದರು.

ಪಕ್ಕದಲ್ಲೇ ಅವನ ಅಕ್ಕ ಐಯೋನಾ ಹಾರುಮೀನಿನ ಮುಳ್ಳು ಬಿಡಿಸುತ್ತಿದ್ದಳು. ಆ ಕೆಲಸಕ್ಕೆ ಅವಳಿಗೆ ಬೆರಳೇ ಸಾಕು, ಕಣ್ಣು ಬೇಕಿರಲಿಲ್ಲ. ಡಾರ್ನ್‌ಲಿ ಕಣ್ಣು ತೆರೆದು ಅವಳನ್ನೇ ನೋಡಿದ. ಅವಳ ಎಡಕ್ಕೆ, ತೊಡೆಯ ಪಕ್ಕದಲ್ಲೇ, ಬೆಕ್ಕೊಂದು ಬುಟ್ಟಿಯಿಂದ ಮೀನು ಎಳೆಯುತ್ತಿತ್ತು. ಅವಳು ತಿರುಗಲಿಲ್ಲ.

"ಅಕ್ಕಾ," ಎಂದ ಮೆಲ್ಲಗೆ, "ನಾಳೆ ಮೀನಿನ ಕೆಲ್ಸ ಬಿಡು. ನನ್ ಜೊತೆ ಆಸ್ಪತ್ರೆಗೆ ಬಾ."