ಹರಿ ಎಂದರೆ ಸೂಜಿ

ಫೋನನ್ನು ಪುಸ್ತಕದ ಮೇಲೆ ಹಿಡಿದದ್ದೇ ತಡ, ಹಾಳೆಯಿಂದ ಗೇಣುದ್ದದ ಸೂಜಿಯೊಂದು ಎದ್ದು ನಿಂತಂತೆ ಪರದೆಯಲ್ಲಿ ಕಾಣಿಸಿತು. ಒಳಗಿನಿಂದ ಹೆಣ್ಣುದನಿಯೊಂದು "ಹರಿ" ಎಂದಿತು.

"ಸೂಜಿಗೆ ಹರಿ ಅಂತಾರಾ? ಹೊಲಿಯೋದಕ್ಕೇ ಹರಿ ಅಂದ್ರೆ ನನ್ನ ಅಂಗಡಿ ಮುಚ್ಚಿದ ಹಾಗೇ!" ಟೈಲರಮ್ಮ ಬಿದ್ದು ಬಿದ್ದು ನಕ್ಕಳು.

ಆ ಜಪಾನಿ ಪಾಠದ ಪುಸ್ತಕವನ್ನು ಅವಳಿಗೆಂದೇ ಮಾಡಿಕೊಟ್ಟವನು ಅಳಿಯನಾಗಲಿದ್ದ, ಕನ್ನಡ ಬಲ್ಲ ಜಪಾನಿ ಹುಡುಗ. ಕತ್ತರಿ, ದಾರ, ಗುಂಡಿ, ಇಸ್ತ್ರಿಪೆಟ್ಟಿಗೆ ಎಲ್ಲವೂ ಅವಳ ಅಂಗಡಿಯ ಚಿತ್ರಗಳೇ. ತಪ್ಪಾಗಿ ಉಚ್ಚರಿಸಿದರೆ ಆ ದನಿ "ಮೋ ಇಚಿದೊ" ಎನ್ನುತ್ತಿತ್ತು. ಇನ್ನೊಂದು ಸಲ ಎಂದರ್ಥ. ಟೈಲರಮ್ಮ ಆ ದನಿಗೆ ಮೇಡಮ್ಮು ಎಂದು ಹೆಸರಿಟ್ಟು, ಸಿಟ್ಟು ಬಂದಾಗ ಚೆನ್ನಾಗಿ ಬೈಯುತ್ತಿದ್ದಳು. ಆದರೂ ಬಿಡಲಿಲ್ಲ. ಗಂಡನಿಲ್ಲದೆ ಸಾಕಿ ಬೆಳೆಸಿದ ಮಗಳು. ಜಪಾನಿನಿಂದ ಬರಲಿರುವ ಬೀಗಿತ್ತಿಯ ಮುಂದೆ ತಾನು ಮೂಕಿಯಂತೆ ಕೂರುವುದೇ?

ಭಾನುವಾರ ಮಧ್ಯಾಹ್ನ ಬೀಗಿತ್ತಿ ಮಗನೊಂದಿಗೆ ಅಂಗಡಿಯ ಮೆಟ್ಟಿಲು ಹತ್ತಿದಳು. ಟೈಲರಮ್ಮ ಎರಡು ತಿಂಗಳು ಕಲಿತದ್ದೆಲ್ಲ ಗಾಳಿಗೆ ಹಾರಿಹೋಯಿತು.

"ಕೊನ್... ಕೊನ್ನಿ..." ಎಂದು ನಮಸ್ಕಾರ ಹೇಳಹೋಗಿ ಅಲ್ಲೇ ಸಿಕ್ಕಿಹಾಕಿಕೊಂಡಳು. ಮಗಳು ಕಣ್ಸನ್ನೆ ಮಾಡಿದ್ದೂ ತಿಳಿಯಲಿಲ್ಲ.

ಬೀಗಿತ್ತಿ ತುಸು ಮುಂದೆ ಬಾಗಿ ಮೆಲ್ಲಗೆ ಹೇಳಿದಳು: "ಮೋ ಇಚಿದೊ."

ಟೈಲರಮ್ಮ ಬೆಚ್ಚಿ ಆಕೆಯ ಮುಖ ನೋಡಿದಳು. ಕಾಜ ಹಾಕುವಾಗ, ಪಾತ್ರೆ ತೊಳೆಯುವಾಗ, ಹೊತ್ತುಗೊತ್ತಿಲ್ಲದೆ ಕಿವಿಯಲ್ಲಿ ಕೂತಿದ್ದ ಅದೇ ದನಿ!

"ಅಯ್ಯೋ, ಮೇಡಮ್ಮು ಇವರೇನಾ!"

"ಅಮ್ಮನ ಕೈಲೇ ಓದಿಸಿದ್ದು, ಅತ್ತೆ," ಎಂದು ಹುಡುಗ ತಲೆ ಕೆರೆದುಕೊಂಡ. "ಹೇಳಿದ್ರೆ ನಾಚ್ಕೋತೀರಿ ಅಂತ ಸುಮ್ನಿದ್ದೆ."

"ಎಂಥ ಕಳ್ಳನೋ ನೀನು! ದಿನಾ ಇವರನ್ನ ಬೈಕೊಂಡೇ ಕಲ್ತಿದ್ದೀನಲ್ಲೋ!"

ಅವನು ಅದನ್ನೂ ತಾಯಿಗೆ ಹೇಳಿಬಿಟ್ಟ. ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದ ಬೀಗಿತ್ತಿ ಕೊನೆಗೆ ಹೊಟ್ಟೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಳು. ಆ ನಗುವಿನಲ್ಲಿ ಟೈಲರಮ್ಮನ ನಾಲಿಗೆಯ ಗಂಟು ತಾನಾಗಿ ಬಿಚ್ಚಿತು. "ಕೊನ್ನಿಚಿವಾ!" ಎಂದಳು, ಬೀದಿಗೆಲ್ಲ ಕೇಳುವಂತೆ.

ಮಕ್ಕಳಿಬ್ಬರೂ ಟೀ ತರಲು ಹೋದರು. ಫೋನೂ ಮಗಳೊಂದಿಗೇ ಹೋಯಿತು. ಬೀಗಿತ್ತಿ ತನ್ನ ಕೋಟು ಬಿಚ್ಚಿ ತೋಳಿನ ಒಳಮಗ್ಗುಲನ್ನು ಹೊರಳಿಸಿ ತೋರಿಸಿದಳು. ಸಾಲಿಟ್ಟ ಇರುವೆಗಳಂಥ ಕೈಹೊಲಿಗೆ.

"ನೀವೇ ಹಾಕಿದ್ದಾ?" ಟೈಲರಮ್ಮ ತನ್ನ ಮಾತಿನಲ್ಲೇ ಕೇಳಿದಳು. ಆಕೆ ತನ್ನ ಮಾತಿನಲ್ಲೇ ಉದ್ದಕ್ಕೆ ಏನೋ ಹೇಳಿದಳು.

ಮಕ್ಕಳು ಮರಳಿದಾಗ ಮೇಜಿನ ತುಂಬ ನೀಲಿ ಬಟ್ಟೆ ಹರಡಿತ್ತು. ಅಳತೆಪಟ್ಟಿಯ ಒಂದು ತುದಿ ಟೈಲರಮ್ಮನ ಕೈಯಲ್ಲಿ, ಇನ್ನೊಂದು ಬೀಗಿತ್ತಿಯ ಕೈಯಲ್ಲಿ. ಬಾಗಿಲ ಕಡೆ ಇಬ್ಬರೂ ತಿರುಗಲಿಲ್ಲ.