ಹೆಪ್ಪಿನ ನೀರು

ಗೋಣಿಚೀಲ ಸರಿಸಿ ಡ್ರಮ್ಮಿಗೆ ಬಗ್ಗಿದ ಗುಡ್ಡಮ್ಮನಿಗೆ ಹುಳಿವಾಸನೆ ಬರಲಿಲ್ಲ. ಬಂದದ್ದು ಊರಿನ ನಲ್ಲಿ ನೀರಿನ ವಾಸನೆ. ಅವಳು ಗಂಡನ ಕಡೆ ತಿರುಗಿದಳು.

"ಇದಕ್ಕೆ ಏನು ಹಾಕಿದ್ರಿ?"

ಗಂಡ ಉಜ್ಜಪ್ಪ ಈಸೂರಿನ ನೀರುಗಂಟಿ. ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಸುರಿದೂ ಸುರಿದೂ ಅವನ ಕೈಗೇ ಆ ವಾಸನೆ ಅಂಟಿಕೊಂಡಿತ್ತು.

"ಕೆಟ್ಟು ನಾರ್ತಿತ್ತು. ಒಂದು ಹಿಡಿ ಬ್ಲೀಚಿಂಗ್ ಹಾಕಿದೆ," ಎಂದ, ಉಪಕಾರ ಮಾಡಿದವನ ಗತ್ತಿನಲ್ಲಿ.

"ಕೆಟ್ಟಿರ್ಲಿಲ್ಲ ರೀ. ಹುಳಿ ಬಂದ್ರೇನೇ ಅದ್ರಾಗೆ ಜೀವ ಐತಿ ಅಂತ. ಎಲ್ಲಾ ಸಾಯಿಸಿಬಿಟ್ರಲ್ಲ."

ಹೋದ ವರ್ಷ ಸೊರಗು ರೋಗ ಬಂದು ಟೊಮೆಟೊ ಗಿಡಗಳು ಹಸಿರಿದ್ದ ಹಾಗೇ ಮಲಗಿದ್ದವು. ಈ ಸಲವೂ ಹಾಗಾದರೆ ಹೊಲ ಶುಂಠಿ ಬೆಳೆಯುವವರಿಗೆ ಗುತ್ತಿಗೆಗೆ ಎಂದು ಉಜ್ಜಪ್ಪ ಖಡಾಖಂಡಿತವಾಗಿ ಹೇಳಿದ್ದ. ತನ್ನದು ಎಂದು ಅವಳಿಗಿದ್ದದ್ದು ಆ ಹೊಲವೊಂದೇ. ರೈತರ ತರಬೇತಿಯಲ್ಲಿ ಕೊಟ್ಟ ಬ್ಯಾಕ್ಟೀರಿಯಾ ಪುಡಿಯನ್ನು ಈ ಡ್ರಮ್ಮಿನ ಬೆಲ್ಲದ ನೀರಿಗೆ ಹಾಕಿ, ಹಾಲಿಗೆ ಹೆಪ್ಪು ಹಾಕಿದಂತೆ ನೆರಳಲ್ಲಿಟ್ಟು ಕಾದಿದ್ದಳು. ಬೇರಿನ ಸುತ್ತ ಈ ಒಳ್ಳೆಯವು ಮೊದಲು ತಳವೂರಿದರೆ ರೋಗ ತರುವವಕ್ಕೆ ಜಾಗ ಸಿಗದು. ಇವತ್ತು ಬದುವಿನ ಪಕ್ಕದ ಒಂದು ಗಿಡ ಆಗಲೇ ತಲೆ ಬಾಗಿಸಿತ್ತು. ಫೋನು ಮಾಡಿ ವಿಚಾರಿಸಿದರೆ ಶಿಕಾರಿಪುರದ ಯಾವ ಅಂಗಡಿಯಲ್ಲೂ ಆ ಪುಡಿ ಇರಲಿಲ್ಲ.

ಉಜ್ಜಪ್ಪ ಹೊಲಕ್ಕೆ ಹೋಗಿ ಬಾಡಿದ ಗಿಡ ನೋಡಿಕೊಂಡು ಬಂದು ಜಗಲಿಯಲ್ಲಿ ಕೂತ. ಶುಂಠಿಯ ಮಾತು ಎತ್ತುತ್ತಾನೆಂದು ಗುಡ್ಡಮ್ಮನಿಗೆ ಭಯವಾಯಿತು. ಅವನು ಎತ್ತಲಿಲ್ಲ.

"ಇಮಾಂಬೀ ಹತ್ರ ಐತಿ," ಎಂದಳು ಅವಳೇ.

ಪೇಟೆಯಲ್ಲಿ ಸಸಿ ಬೆಳೆಸಿ ಮಾರುವ ಇಮಾಂಬೀಗೆ ಮೊನ್ನೆ ಇದೇ ಡ್ರಮ್ಮಿನಿಂದ ಹೆಪ್ಪಿಗೆಂದು ಒಂದು ಚೊಂಬು ಕೊಟ್ಟಿದ್ದಳು. ಮನೆಯದನ್ನೆಲ್ಲ ಊರಿಗೆ ಹಂಚುತ್ತೀಯಾ ಎಂದು ಉಜ್ಜಪ್ಪ ಇಮಾಂಬೀಯ ಎದುರೇ ರೇಗಿದ್ದ. ಈಗ ಅವನು ಯಾವ ಮುಖ ಇಟ್ಟುಕೊಂಡು ಕೇಳುವುದು? ಆದರೂ ಅವನೇ ಎದ್ದು, ಹಾಲಿನ ಕ್ಯಾನು ತೆಗೆದುಕೊಂಡು ಬೈಕು ಹತ್ತಿದ.

ಬಿಸಿಲು ಏರಿತು. ಗುಡ್ಡಮ್ಮ ಡ್ರಮ್ಮು ತಿಕ್ಕಿ ತೊಳೆದು ಬೋರಲು ಹಾಕಿ ರಸ್ತೆ ನೋಡುತ್ತ ನಿಂತಳು. ಅಲ್ಲೂ ಬಾಯಿಗೆ ಬಂದದ್ದು ಆಡಿ ಬರಿಗೈಲಿ ಬಂದರೆ?

ಬಂದಾಗ ಅವನ ತಲೆಗೆ ಟವಲ್ ಇರಲಿಲ್ಲ. ಅದನ್ನು ಒದ್ದೆ ಮಾಡಿ ಕ್ಯಾನಿಗೆ ಸುತ್ತಿದ್ದ.

"ಬಿಸಿಲು ತಾಗಬಾರದಂತೆ," ಎಂದ. "ಇಮಾಂಬಕ್ಕ ಹೇಳಿದ್ರು."

ಅವಳು ಕ್ಯಾನನ್ನು ನೆರಳಿಗಿಟ್ಟು, ಡ್ರಮ್ಮು ನೆಟ್ಟಗೆ ನಿಲ್ಲಿಸಿ ಬೆಲ್ಲ ಕುಟ್ಟತೊಡಗಿದಳು. ಅಂಗಳದ ನಲ್ಲಿಯಲ್ಲಿ ನೀರು ಬರುತ್ತಿತ್ತು. ಬೆಳಗ್ಗೆ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ್ದವನೂ ಅವನೇ. ಉಜ್ಜಪ್ಪ ಕೊಡ ಎತ್ತಿಕೊಂಡು ನಲ್ಲಿಯನ್ನು ದಾಟಿ ಬಾವಿಯ ಕಡೆ ನಡೆದ.