ಒಲೆಯ ಮೇಲಿನ ಹಂಡೆ

"ಹೊರೆ ಇಳಿಸೇ ಮುದುಕಿ. ಬೆಟ್ಟಾನ ಏನು ನಿಮ್ಮಪ್ಪ ಬರೆದುಕೊಟ್ಟಿದ್ನಾ?"

ತೂದಾ ಇಳಿಸಿದಳು. ರಾಷ್ಟ್ರೀಯ ಉದ್ಯಾನದ ಗಾರ್ಡು ಲಾರ್ಬಿ ಬೂಟುಗಾಲಲ್ಲಿ ಹೊರೆಯನ್ನು ಒದ್ದು ಚೆಲ್ಲಾಡಿದ. ಅವಳದೇ ಬಾರ್ಲಿ ಹೊಲದ ಕಳೆ. ಹಾಗೆಂದು ಹೇಳಿದಳು. ಅವನು ಅವಳ ಸೊಂಟದ ಕುಡುಗೋಲು ಕಿತ್ತುಕೊಂಡು ಜೀಪಿಗೆ ಎಸೆದ. ಸಂರಕ್ಷಿತ ಪ್ರದೇಶದಲ್ಲಿ ಆಯುಧ ಹಿಡಿದು ಓಡಾಡುವಂತಿಲ್ಲವಂತೆ.

ಅವನ ಬೆನ್ನ ಹಿಂದಿನ ಇಳಿಜಾರಿನಲ್ಲಿ ಆರು ಹೇಸರಗತ್ತೆಗಳು ಮೇಯುತ್ತಿದ್ದವು. ಅದು ಅಗ್ದಾಲ್, ಊರು ತಾನೇ ಮುಚ್ಚಿಟ್ಟ ಹುಲ್ಲುಗಾವಲು. ಬೀಜ ಉದುರುವ ತನಕ ಅಲ್ಲಿ ಒಂದು ಗೊರಸೂ ಊರುವಂತಿಲ್ಲ. ಉದ್ಯಾನದ ಫಲಕ ನೆಡುವವರು ಬರುವುದಕ್ಕೆ ಎಷ್ಟೋ ತಲೆಮಾರು ಮೊದಲಿನಿಂದಲೂ ಹೀಗೇ. ವರ್ಷಕ್ಕೊಂದು ಮನೆಯ ಕಾವಲು; ಈ ವರ್ಷ ತೂದಾಳ ಸರದಿ. ಗಂಡ ಸತ್ತ ಮೇಲೆ ಆ ಮನೆಯಲ್ಲಿ ಉಳಿದದ್ದು ಅವಳು ಮತ್ತು ಒಂಬತ್ತು ಆಡು. ಈಗಲೇ ಹುಲ್ಲು ಹೋದರೆ ಬರುವ ವರ್ಷ ಬೆಟ್ಟ ಬೋಳು. ಊರಿನ ಆಡುಗಳ ಜೊತೆ ಅವಳವೂ ಸಾಯುತ್ತವೆ, ಶಾಪ ಅವಳಿಗೆ.

"ಅವೇನು ಮತ್ತೆ?"

ಲಾರ್ಬಿ ತಿರುಗಿಯೂ ನೋಡಲಿಲ್ಲ. "ಹಾಜಿಯವರ ವಸತಿಗೃಹದ್ದು. ಪ್ರವಾಸಿಗರನ್ನ ಹೊರ್ತವೆ. ಹೊಗೆ ಇಲ್ಲ, ಸದ್ದಿಲ್ಲ. ಪರಿಸರಕ್ಕೆ ಒಳ್ಳೇದು."

"ಬಾಯಿಲ್ವಾ ಅವಕ್ಕೆ?"

"ನಿನ್ ಬಾಯಿ ಮುಚ್ಕೊಂಡ್ ನಡಿಯೇ, ಮುಂಡೆ."

ಅಗ್ದಾಲಿನ ಕಟ್ಟಳೆ ಯಾವ ಕಾಗದದಲ್ಲೂ ಇಲ್ಲ. ಕದ್ದು ಮೇಯಿಸಿದವನು ಊರಿಗೆಲ್ಲ ಊಟ ಹಾಕಬೇಕು. ಹಾಕುವವರೆಗೆ ಅವನ ಒಲೆಯ ಮೇಲಿನ ಪಾತ್ರೆ ಕಾವಲಿನವರ ಒತ್ತೆ. ತೂದಾಳ ಗಂಡ ಹಿಂದೊಮ್ಮೆ ಸ್ವಂತ ತಮ್ಮನ ಮನೆಯಿಂದಲೇ ಹಂಡೆ ಹೊತ್ತು ತಂದಿದ್ದ.

ಅವಳು ಮನೆಯ ದಾರಿ ಹಿಡಿಯಲಿಲ್ಲ.

ವಸತಿಗೃಹದ ಅಂಗಳದಲ್ಲಿ ಊಟಕ್ಕೆ ಕಾಯುತ್ತಿದ್ದ ಪ್ರವಾಸಿಗರು ಅವಳನ್ನು ಕಂಡೊಡನೆ ಫೋಟೋ ತೆಗೆಯಲು ಫೋನು ಎತ್ತಿದರು. ಒಬ್ಬಾಕೆ ಅವಳ ಗದ್ದದ ಹಚ್ಚೆಗೆ ತಾಕುವಷ್ಟು ಹತ್ತಿರ ಫೋನು ತಂದಳು. ಮಾಲೀಕ ಹಾಜಿ ತೈಬಿ ರೊಟ್ಟಿ ಚೂರೊಂದನ್ನು ಚಾಚಿ, ಹಿಂದಿನ ಬಾಗಿಲಿಂದ ಹೋಗು ಅಂದ.

"ಭಿಕ್ಷೆಗೆ ಬಂದಿಲ್ಲ. ನಿನ್ ಹೇಸರಗತ್ತೆ ಅಗ್ದಾಲ್‌ನಾಗೆ ಬಿದ್ದವೆ. ಊರಿಗೆ ಊಟ ಹಾಕು. ಅಲ್ಲೀಗಂಟ ನಿನ್ ಹಂಡೆ ನಂತಾವ ಇರ್ತದೆ."

ಹಾಜಿ ನಕ್ಕು ಪ್ರವಾಸಿಗರ ಭಾಷೆಯಲ್ಲಿ ಏನೋ ಹೇಳಿದ. ಅವರು ಚಪ್ಪಾಳೆ ತಟ್ಟಿದರು. ಕೊಟ್ಟ ದುಡ್ಡಿನಲ್ಲಿ ಈ ಆಟವೂ ಸೇರಿದೆ ಅಂದುಕೊಂಡಿರಬೇಕು.

ತೂದಾ ನೇರ ಅಡುಗೆಮನೆಗೆ ನುಗ್ಗಿದಳು. ಊರಿನವಳೇ ಆದ ಇಜ್ಜಾ ಒಲೆ ಮುಂದಿದ್ದಳು. ಹಂಡೆಯಲ್ಲಿ ಕುರಿಮಾಂಸ ಕುದಿಯುತ್ತಿತ್ತು.

"ಬ್ಯಾಡ ಕಣತ್ತೆ, ನನ್ ಕೆಲ್ಸ ಹೋಯ್ತದೆ."

ತೂದಾ ಶಾಲು ಹರಿದು ಹಂಡೆಯ ಹಿಡಿಗಳಿಗೆ ಸುತ್ತಿದಳು. ಒಬ್ಬಳಿಗೆ ಏಳುವ ಭಾರವಲ್ಲ. ಎರಡನೇ ಸಲ ತಿಣುಕಿದಾಗ ಇಜ್ಜಾ, "ನಿನ್ ಮನೆ ಹಾಳಾಗ," ಎಂದು ಶಪಿಸುತ್ತಲೇ ಇನ್ನೊಂದು ಹಿಡಿಗೆ ಕೈ ಹಾಕಿದಳು.

ಅಂಗಳದ ನಡುವೆಯೇ ಹೊತ್ತು ನಡೆದರು. ಚಪ್ಪಾಳೆ ನಿಂತಿರಲಿಲ್ಲ. ಹೊಸ್ತಿಲು ದಾಟಿದ ಮೇಲೆ ಹಾಜಿಯ ನಗು ನಿಂತಿತು.

ಊರ ಪಂಚಾಯ್ತಿ ಕಲ್ಲಿನ ಮೇಲೆ ಹಂಡೆ ಇಳಿಸಿದರು. ಜನ ಬಾಗಿಲುಗಳಲ್ಲಿ ನಿಂತು ನೋಡಿದರು, ಯಾರೂ ಹತ್ತಿರ ಬರಲಿಲ್ಲ. ಜೀಪು ಬಂತು. ಕಳ್ಳತನಕ್ಕೆ ಜೈಲು ಅನ್ನುತ್ತ ಲಾರ್ಬಿ ಹಂಡೆಗೆ ಬಗ್ಗಿದ, ಬಿಸಿ ತಾಕಿ ಕೈ ಕೊಡವಿಕೊಂಡ.

"ಹಾಜಿ ಕೈಲಿ ಊರಿಗೆ ಊಟ ಹಾಕ್ಸು," ಅಂದಳು ತೂದಾ. ಬೊಬ್ಬೆ ಎದ್ದ ಅಂಗೈಗಳು ಮಡಿಲಲ್ಲಿದ್ದವು.

ಬೆಟ್ಟದ ಮೇಲೆ ಹೇಸರಗತ್ತೆಗಳು ಇನ್ನೂ ಮೇಯುತ್ತಿದ್ದವು. ಮೊದಲು ಹೊರಬಂದವನು ಅವಳ ಮೈದುನ, ಹಿಂದೊಮ್ಮೆ ಹಂಡೆ ಕಳೆದುಕೊಂಡವನು. ಖಾಲಿ ಬಟ್ಟಲು ಹಿಡಿದು ಬಂದು ಜೀಪಿನ ಚಕ್ರದೆದುರು ಕುಳಿತ.